ಹೂವೋ ನೀರೋ: ಮಿಷಿಗನ್ನಿನ ಹಾಲೆಂಡ್‌ಗೆ ಎರಡು ಸಲ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಹಾಲೆಂಡ್ ಎಂಬ ಊರಿಗೆ ಯಾವಾಗ ಹೋದರೆ ಚೆನ್ನ ಎಂದು ಕೇಳುವ ಗೆಳತಿಯರನ್ನು ನಾನೇ ತಿರುಗಿ ಕೇಳುತ್ತೇನೆ: ಹೂವು ನೋಡುವುದಕ್ಕೋ, ನೀರಿಗೆ ಇಳಿಯುವುದಕ್ಕೋ? ಒಂದೇ ಪ್ರಯಾಣದಲ್ಲಿ ಎರಡೂ ಸಿಗುವುದಿಲ್ಲ. ಟ್ಯೂಲಿಪ್ ಅರಳುವ ಮೇ ತಿಂಗಳಲ್ಲಿ ಮಿಷಿಗನ್ ಸರೋವರದ ನೀರಿಗೆ ಪಾದವಿಟ್ಟರೆ ಮೂಳೆ ಕೊರೆಯುತ್ತದೆ. ನೀರು ಈಜುವಷ್ಟು ಬೆಚ್ಚಗಾಗುವ ಜುಲೈ ಹೊತ್ತಿಗೆ ಒಂದು ಟ್ಯೂಲಿಪ್ಪೂ ಉಳಿದಿರುವುದಿಲ್ಲ.

ನಾವು ಇರುವುದು ಶಿಕಾಗೋ ಹತ್ತಿರ. ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ರೈಲೂ ಇದೆ. ಮೊದಲ ಸಲ ಮೇ ತಿಂಗಳ ಹೂವಿನ ಹಬ್ಬಕ್ಕೆ ಗಂಡ, ಮಗಳೊಂದಿಗೆ ಹೋದೆ. ಮಿಷಿಗನ್ನಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದು ಮೂವರಿಗೂ ಹೊಳೆಯಲಿಲ್ಲ. ನಾವು ತಲುಪುವಾಗ ಗಾಳಿಗಿರಣಿಯೊಳಗೆ ಕರೆದೊಯ್ಯುವ ಆ ದಿನದ ಕೊನೆಯ ತಂಡ ಹೊರಟುಹೋಗಿತ್ತು. ತಪ್ಪು ನಮ್ಮದೇ.

ಹೂವಿನ ವಿಷಯದಲ್ಲಿ ಮಾತ್ರ ಮೋಸವಾಗಲಿಲ್ಲ. ಹಬ್ಬ ನಡೆಯುತ್ತಿರುವುದು 1929ರಿಂದ. ಊರಿನ ಜೀವಶಾಸ್ತ್ರದ ಟೀಚರೊಬ್ಬರ ಸಲಹೆಯಂತೆ ಅದರ ಹಿಂದಿನ ವರ್ಷ ಒಂದು ಲಕ್ಷ ಗಡ್ಡೆ ನೆಟ್ಟಿದ್ದರು. ಬೀದಿಯ ಎರಡೂ ಅಂಚಿಗೆ ಹೂವಿನ ಸಾಲು, ನಡುವೆ ಮರದ ಬೂಟು ತೊಟ್ಟ ಹುಡುಗಿಯರ ಕುಣಿತ, ಅದರ ಟಕಟಕ ಸದ್ದು. ಜನವೂ ಹಾಗೆಯೇ, ನಮ್ಮ ಕಡೆಯ ತೇರಿನ ದಿನ ನೆನಪಾಯಿತು. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಹೊತ್ತು ಕಳೆಯಿತು.

ಎರಡನೆಯ ಸಲ ಹೋದದ್ದು ಜುಲೈಯಲ್ಲಿ, ಕುಂದಾಪುರದಿಂದ ಬಂದಿದ್ದ ಅತ್ತೆಯವರ ಜೊತೆ. ಸಮುದ್ರ ನೋಡಿಕೊಂಡೇ ಬೆಳೆದವರು ಅವರು. ಸರೋವರದ ದಂಡೆಯ ಸ್ಟೇಟ್ ಪಾರ್ಕಿನ ಮರಳಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. "ಇದೆಂಥ ಕೆರೆ ಮಾರಾಯ್ತಿ, ಆಚೆ ದಡವೇ ಕಾಣುವುದಿಲ್ಲ!" ನಂಬಿಕೆ ಬಾರದೆ ಅಲೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು. ಉಪ್ಪಿಲ್ಲ ಎಂದು ಖಾತ್ರಿಯಾದ ಮೇಲೆ ಉಳಿದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರು.

ಈಜಲು ಬರುವವರು ಆಯ್ದುಕೊಳ್ಳಬೇಕಾದ ದಂಡೆಗಳು ಎರಡು: ಹಾಲೆಂಡ್ ಸ್ಟೇಟ್ ಪಾರ್ಕ್ ಮತ್ತು ಅದರ ಉತ್ತರಕ್ಕಿರುವ ಟನೆಲ್ ಪಾರ್ಕ್. ನಡುವಿನ ಅಂತರ ಕಾರಿನಲ್ಲಿ ಕೆಲವೇ ನಿಮಿಷ. ಬೇಸಿಗೆಯಲ್ಲಿ ಎರಡು ಕಡೆಯೂ ಗಾಡಿಗೆ ಹಣ ಕೊಡಬೇಕು. ಸ್ಟೇಟ್ ಪಾರ್ಕ್ ಬಯಲು ಬಯಲು. ಕಾರಿನಿಂದ ಇಳಿದರೆ ಮರಳು. ಮಕಟಾವಾ ಸರೋವರವನ್ನು ದೊಡ್ಡ ಸರೋವರಕ್ಕೆ ಜೋಡಿಸುವ ಕಾಲುವೆ ಅಲ್ಲೇ ಇದೆ. ಕಾಲುವೆಯ ಆಚೆ ದಡದಲ್ಲಿ ಊರಿನ ಗುರುತಾದ ಕೆಂಪು ದೀಪಸ್ತಂಭ. ಅದಕ್ಕೆ ಆ ಕೆಂಪು ಬಳಿದದ್ದು 1956ರಲ್ಲಿ. ಸ್ತಂಭ ಎನ್ನುವುದಕ್ಕಿಂತ ಮಾಡಿನ ಮೇಲೆ ಗೋಪುರ ಹೊತ್ತ ಮನೆ ಎನ್ನಬಹುದು. ಅದರ ಬುಡಕ್ಕೆ ಹೋಗಲು ಖಾಸಗಿ ಜಾಗ ದಾಟಬೇಕು, ಆದ್ದರಿಂದ ಫೋಟೋಗೆ ಈಚೆ ದಡವೇ ಸರಿ. ಮಂಡಿನೋವಿನ ಹಿರಿಯರಿದ್ದರೆ ಬೇರೆ ಯೋಚನೆ ಬೇಡ, ಸ್ಟೇಟ್ ಪಾರ್ಕ್. ಆದರೆ ಶನಿವಾರ ಹನ್ನೊಂದರ ನಂತರ ಬಂದು ಜಾಗ ಸಿಗಲಿಲ್ಲ ಎಂದು ನನ್ನನ್ನು ಬೈಯಬೇಡಿ.

ನನ್ನ ಮನಸ್ಸು ಮಾತ್ರ ಟನೆಲ್ ಪಾರ್ಕಿನ ಕಡೆಗೇ. ಮರ ಬೆಳೆದ ಮರಳಗುಡ್ಡದ ಹೊಟ್ಟೆ ಸೀಳಿ ಒಂದು ಕಾಂಕ್ರೀಟ್ ಸುರಂಗ ಮಾಡಿದ್ದಾರೆ. ಒಳಗೆ ತಣ್ಣನೆಯ ನೆರಳು, ಮಕ್ಕಳ ಕೂಗಿನ ಮಾರ್ದನಿ, ತುದಿಯಲ್ಲಿ ಕಮಾನಿನಷ್ಟೇ ಅಗಲದ ನೀಲಿ. ನಾಲ್ಕು ಹೆಜ್ಜೆ ಮುಂದೆ ಹೋದರೆ ಆ ನೀಲಿ ಎರಡು ಬಣ್ಣವಾಗಿ ಒಡೆಯುತ್ತದೆ, ಮೇಲಿನದು ಆಕಾಶ, ಕೆಳಗಿನದು ನೀರು. ಮಗಳು ಈ ಸುರಂಗದಲ್ಲಿ ಏಳು ಸಲ ಹೋಗಿ ಬಂದಳು. ಸುರಂಗ ದಾಟಿದ ಮೇಲೆ ದಂಡೆಗೆ ಮೆಟ್ಟಿಲು ಇಳಿಯಬೇಕು, ಅತ್ತೆಯವರಿಗೆ ಅದೇ ಕಷ್ಟವಾಯಿತು. ದಂಡೆಯೂ ಸ್ಟೇಟ್ ಪಾರ್ಕಿನಷ್ಟು ಅಗಲವಿಲ್ಲ. ಎಲ್ಲಿಗೇ ಹೋಗಿ, ಮೊದಲು ದಂಡೆಯ ಎಚ್ಚರಿಕೆಯ ಬಾವುಟದ ಬಣ್ಣ ನೋಡಿ. ಕೆಂಪಿದ್ದರೆ ನೀರಿಗಿಳಿಯಬೇಡಿ. ಉಪ್ಪಿಲ್ಲದ ನೀರಿಗೂ ಒಳಗೆ ಎಳೆದೊಯ್ಯುವ ಸೆಳೆತವಿದೆ. ದಂಡೆ ಪಶ್ಚಿಮಕ್ಕಿರುವುದರಿಂದ ಸೂರ್ಯ ನೀರಿನಲ್ಲೇ ಮುಳುಗುತ್ತಾನೆ, ಅದೂ ಜುಲೈಯಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ. ಸಂಧ್ಯಾದೀಪ ಹಚ್ಚುವುದು ಯಾವಾಗ ಎಂಬುದು ಅತ್ತೆಯವರ ಚಿಂತೆ.

ಇನ್ನು ಡಚ್ಚರ, ಅಂದರೆ ನೆದರ್ಲೆಂಡ್ಸ್ ದೇಶದವರ, ವಿಷಯ. 1847ರಲ್ಲಿ ಆಲ್ಬರ್ಟಸ್ ವಾನ್ ರಾಲ್ಟೆ ಎಂಬ ಪಾದ್ರಿಯ ಹಿಂದೆ ಬಂದ ಡಚ್ ವಲಸಿಗರು ಕಟ್ಟಿದ ಊರು ಇದು. ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ವ್ಯಾಪಾರದ ಕೋಠಿ ಹಾಕಿದ್ದ ಡಚ್ಚರು ಇವರೇ ಏನು ಎಂದು ಅತ್ತೆ ಕೇಳಿದರು. ಅಲ್ಲ, ಬಸ್ರೂರಿಗೆ 17ನೇ ಶತಮಾನದಲ್ಲಿ ಬಂದವರು ಅಕ್ಕಿ, ಮೆಣಸು ಕೊಳ್ಳಲು ಬಂದ ಡಚ್ ವ್ಯಾಪಾರಿ ಕಂಪನಿಯವರು. ಇಲ್ಲಿಗೆ ಬಂದವರು ತಮ್ಮ ಮತಾಚರಣೆಯನ್ನು ತಮ್ಮಿಷ್ಟದಂತೆ ನಡೆಸಲು ಊರು ಬಿಟ್ಟವರು. 1871ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋಯಿತು, ಆದ್ದರಿಂದ ಪೇಟೆಯಲ್ಲಿ ಆ ಮೊದಲ ಮನೆಗಳನ್ನು ಹುಡುಕಬೇಡಿ. ಡಚ್ ಬದುಕು ನೋಡಬೇಕೆಂದರೆ ಟಿಕೆಟ್ ಕೊಂಡು ನೋಡಬೇಕಾದ ಜಾಗಗಳಲ್ಲಿ ನಾವು ಹೋದದ್ದು ಎರಡಕ್ಕೆ: ವಿಂಡ್‌ಮಿಲ್ ಐಲ್ಯಾಂಡ್ ಉದ್ಯಾನ ಮತ್ತು ಡಚ್ ವಿಲೇಜ್.

ಡಚ್ ವಿಲೇಜ್ ಅಪ್ಪಟ ನಕಲು. ಅದನ್ನು ಅವರೇನೂ ಮುಚ್ಚಿಡುವುದಿಲ್ಲ. ಇಟ್ಟಿಗೆಯ ಮನೆಗಳು, ಕಾಲುವೆ, ಮಕ್ಕಳ ಆಟದ ತೊಟ್ಟಿಲು, ಮರದ ಬೂಟು ಕೆತ್ತುವ ಯಂತ್ರ. ನಾನು ಮೂಗು ಮುರಿದುಕೊಂಡೇ ಒಳಗೆ ಹೋದೆ. ಅತ್ತೆಯವರು ಬೂಟಿನೊಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆದು, "ನಮ್ಮ ಸ್ವಾಮಿಗಳ ಹಾವುಗೆಗಿಂತ ಇದೇ ಸುಖ, ಉಂಗುಟದ ಗೂಟವಿಲ್ಲ" ಎಂದು ತೀರ್ಪು ಕೊಟ್ಟರು. ಮಗಳನ್ನು ಅಲ್ಲಿಂದ ಹೊರಡಿಸಲು ಐಸ್‌ಕ್ರೀಂ ಆಮಿಷ ಒಡ್ಡಬೇಕಾಯಿತು.

ವಿಂಡ್‌ಮಿಲ್ ಐಲ್ಯಾಂಡಿನ ಗಿರಣಿ ಅಸಲಿ. ಹೆಸರು 'ಡೆ ಸ್ವಾನ್', ಅಂದರೆ ಹಂಸ. ಎರಡನೇ ಮಹಾಯುದ್ಧದಲ್ಲಿ ಜಖಂಗೊಂಡಿದ್ದರಿಂದಲೇ ಅದನ್ನು ದೇಶದಿಂದ ಹೊರಗೆ ಕಳಿಸಲು ಡಚ್ ಸರ್ಕಾರ ಒಪ್ಪಿತು. ಬಿಚ್ಚಿ, ಹಡಗಿನಲ್ಲಿ ತಂದು, 1965ರಲ್ಲಿ ಇಲ್ಲಿ ನಿಲ್ಲಿಸಿದರು. ಅದು 1761ರದು ಎಂದು ಊರು ಬಹುಕಾಲ ನಂಬಿತ್ತು. ಈಚಿನ ಸಂಶೋಧನೆಯಂತೆ ಹಳೆಯ ಗಿರಣಿಗಳ ಭಾಗಗಳನ್ನು ಸೇರಿಸಿ 1884ರಲ್ಲಿ ಕಟ್ಟಿದ್ದು. ಇದನ್ನು ಕೇಳಿದ ಮೇಲೆ ಡಚ್ ವಿಲೇಜಿನ ಬಗ್ಗೆ ನನ್ನ ಬಿಗುಮಾನ ತುಸು ಸಡಿಲಾಯಿತು.

ಆದರೂ ಒಳಗೆ ಹತ್ತಿ ನೋಡಿ. ಮೆಟ್ಟಿಲು ಕಡಿದಾಗಿತ್ತು, ಅತ್ತೆಯವರು ಕೆಳಗೇ ಕುಳಿತರು. ಆ ದಿನ ಗಾಳಿ ಒಳ್ಳೆಯದಿತ್ತು. ಹೊರಗೆ ರೆಕ್ಕೆ ತಿರುಗಿದ ಹಾಗೆ ಒಳಗೆ ಮರದ ಹಲ್ಲುಚಕ್ರ ಗೊರಗೊರ ಎನ್ನುತ್ತಿತ್ತು, ಮೈಗೆ ತೆಳುವಾಗಿ ಹಿಟ್ಟು ಕೂರುತ್ತಿತ್ತು. ಊರಿನ ಹಿಟ್ಟಿನ ಗಿರಣಿಯಲ್ಲಿ ಡಬ್ಬ ಹಿಡಿದು ಸರದಿಗೆ ಕಾಯುವಾಗ ಬರುತ್ತಿದ್ದುದೇ ಆ ವಾಸನೆ. ಬೀಸಿದ ಗೋಧಿಹಿಟ್ಟನ್ನು ಅಲ್ಲೇ ಮಾರುತ್ತಾರೆ. ಒಂದು ಚೀಲ ಕೊಂಡೆ. ಒಂದೇ ಜಾಗಕ್ಕೆ ಸಮಯವಿದ್ದರೆ ಇಲ್ಲಿಗೇ ಹೋಗಿ. ಜೊತೆಗೆ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಡಚ್ ವಿಲೇಜಿಗೆ.

ತಿಂಡಿಯದು ಎರಡು ಮಾತು. ಬಾದಾಮಿ ಹೂರಣ ತುಂಬಿದ 'ಬಾಂಕೆಟ್' ರುಚಿಯಾಗಿದೆ, ಮೊಟ್ಟೆ ತಿನ್ನದವರು ಕೇಳಿ ಕೊಳ್ಳಿ. ಇನ್ನು ಪೇಟೆಯ ಎಂಟನೇ ಬೀದಿಯ ಕಾಲುದಾರಿಯ ಕೆಳಗೆ ಹಿಮ ಕರಗಿಸಲು ಬೆಚ್ಚನೆಯ ನೀರಿನ ಕೊಳವೆ ಹಾಕಿದ್ದಾರಂತೆ, ಚಳಿಗಾಲದಲ್ಲಿ ಹೋಗುವ ಧೈರ್ಯ ನಮಗಿನ್ನೂ ಬಂದಿಲ್ಲ.

ಮನೆಗೆ ಬಂದ ಮರುದಿನ ಆ ಹಿಟ್ಟಿನಲ್ಲಿ ಚಪಾತಿಗೆ ಕೂತೆ. ಲಟ್ಟಿಸಿದರೆ ಅಂಚು ಬಿರಿಯುತ್ತಿತ್ತು. ಅತ್ತೆ ಪಕ್ಕಕ್ಕೆ ಬಂದು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಬೀಸುಕಲ್ಲಿನ ಹಿಟ್ಟಿಗೆ ನೀರು ಜಾಸ್ತಿ ಬೇಕು. ಮುಚ್ಚಿಡು, ಅರ್ಧ ಗಂಟೆ ಮುಟ್ಟಬೇಡ" ಎಂದರು.