ಗೇಮ್ ಅನ್‌ಲಾಕರ್ ಹಾಕುವ ಮುಂಚೆ ಇದನ್ನು ಓದಿ

ದುಡ್ಡು ಕೊಟ್ಟು ತಗೋಬೇಕಾದ ಡಿಎಲ್‌ಸಿಯನ್ನು (ಗೇಮಿಗೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ಯಾಕ್) ಪುಕ್ಕಟೆ ತೆರೆದುಕೊಡುವ ಅನ್‌ಲಾಕರ್‌ಗಳನ್ನು ದಯವಿಟ್ಟು ಮನೆಯ ಕಂಪ್ಯೂಟರಿಗೆ ಹಾಕಬೇಡಿ. ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಆದದ್ದನ್ನು ಕಣ್ಣಾರೆ ನೋಡಿ ಬರೆಯುತ್ತಿದ್ದೇನೆ.

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಕಾರ್ ರೇಸ್ ಗೇಮನ್ನು ದುಡ್ಡು ಕೊಟ್ಟೇ ತಗೊಂಡಿದ್ದ. ಹೊಸ ಕಾರುಗಳ ಪ್ಯಾಕಿಗೆ ಮತ್ತೆ ದುಡ್ಡು ಕೇಳೋಕೆ ಮುಜುಗರ. ಯಾವುದೋ ವಿಡಿಯೋ ಕೆಳಗಿದ್ದ ಲಿಂಕಿನಿಂದ ಅನ್‌ಲಾಕರ್ ಇಳಿಸಿಕೊಂಡ. ಜಿಪ್ ಫೈಲಿಗೆ ಪಾಸ್‌ವರ್ಡ್ ಇತ್ತು, ಆ ಪಾಸ್‌ವರ್ಡ್ ಲಿಂಕಿನ ಪಕ್ಕದಲ್ಲೇ ಬರೆದಿತ್ತು. ಬೀಗ ಹಾಕಿ ಬೀಗದ ಕೈಯನ್ನು ಅಲ್ಲೇ ನೇತುಹಾಕಿದರೆ ಅನುಮಾನ ಬರಬೇಕಲ್ವಾ? ಪಾಸ್‌ವರ್ಡ್ ಇರುವ ಜಿಪ್‌ನೊಳಗೆ ಏನಿದೆ ಅಂತ ಆಂಟಿವೈರಸ್‌ಗೆ ಕಾಣಲ್ಲ, ಅದಕ್ಕೇ ಹಾಗೆ ಮಾಡುತ್ತಾರೆ. ಒಳಗಿದ್ದ ಸೂಚನೆಯ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ, ವೈರಸ್ ಅಂತ ತೋರಿಸಿದರೆ ಹೆದರಬೇಡಿ".

ಮೋಸ ಇರುವುದು ಈ ಸಾಲಿನಲ್ಲಿ. ಆಡುವವನು ಪ್ಯಾಕ್ ಕೊಂಡಿದ್ದಾನಾ ಅಂತ ವಿಚಾರಿಸಲು ಗೇಮ್ ಒಂದು ಡಿಎಲ್‌ಎಲ್ ಫೈಲ್, ಅಂದರೆ ಪ್ರೋಗ್ರಾಂಗೆ ನೆರವಾಗುವ ಫೈಲ್, ಬಳಸುತ್ತದೆ. ಅನೇಕ ಅನ್‌ಲಾಕರ್‌ಗಳು ಅದನ್ನು ತೆಗೆದು, ಕೇಳಿದ್ದಕ್ಕೆಲ್ಲ "ಹೂಂ" ಅನ್ನುವ ಇನ್ನೊಂದನ್ನು ಇಡುತ್ತವೆ. ಇಂಥ ಫೈಲ್ ಕಂಡರೆ ಆಂಟಿವೈರಸ್ ಸಾಮಾನ್ಯವಾಗಿ ಕೂಗುತ್ತದೆ. ಹಾಗಾಗಿ ಹುಡುಗರಿಗೆ ಆ ಎಚ್ಚರಿಕೆ ಲೆಕ್ಕಕ್ಕೇ ಇಲ್ಲ. ನಿಜವಾದ ಕಳ್ಳ ನುಗ್ಗೋದು ಆಗಲೇ.

ಕಾರುಗಳು ತೆರೆದವು. ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಓಡಿತು. ರೆಡ್‌ಲೈನ್, ಲುಮ್ಮಾ ಇಂಥದ್ದೇ ಜಾತಿಯವು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಅಧಿಕಾರಿಗಳು ಸೇರಿ ಲುಮ್ಮಾ ಜಾಲಕ್ಕೆ ದೊಡ್ಡ ಹೊಡೆತ ಕೊಟ್ಟರು, ಅಷ್ಟು ಹಬ್ಬಿತ್ತು ಅದು. ಇವು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಜೊತೆ ಕುಕಿಗಳನ್ನೂ ಬಾಚಿಕೊಳ್ಳುತ್ತವೆ. ನೀವು ಆಗಲೇ ಲಾಗಿನ್ ಆಗಿದ್ದೀರಿ ಅಂತ ಸೈಟಿಗೆ ಗೊತ್ತಾಗೋದು ಕುಕಿಯಿಂದ. ಅದು ಇನ್ನೊಬ್ಬರ ಕೈಗೆ ಹೋದರೆ ಎಷ್ಟೋ ಕಡೆ ಒಟಿಪಿ ಕೇಳುವುದೇ ಇಲ್ಲ.

ಅದೇ ಕಂಪ್ಯೂಟರಿನಲ್ಲಿ ಅಕ್ಕ ಬ್ಲೌಸ್ ಹೊಲಿಗೆಯ ಆರ್ಡರ್ ತಗೊಳ್ಳುವ ಪೇಜ್ ತೆರೆದಿರುತ್ತಿತ್ತು. ಬೆಳಿಗ್ಗೆ ಎದ್ದರೆ ಅವಳ ಹೆಸರಲ್ಲಿ "ದುಡ್ಡು ಹಾಕಿ, ಸಂಜೆಗೆ ಡಬಲ್" ಅನ್ನುವ ಪೋಸ್ಟು. ಫೋನಿಗೆ ಒಂದು ಒಟಿಪಿಯೂ ಬಂದಿರಲಿಲ್ಲ. "ಅಕ್ಕಾ, ಇದು ನೀವೇ ಹಾಕಿದ್ದಾ? ನಾನು ಇನ್ನೇನು ಕಳಿಸ್ತಿದ್ದೆ" ಅಂತ ಗಿರಾಕಿಯೊಬ್ಬರು ಫೋನ್ ಮಾಡಿದಾಗ ಅಕ್ಕನ ಕೈ ನಡುಗುತ್ತಿತ್ತು. ವರ್ಷಗಟ್ಟಲೆ ಕೂತು ಹೊಲಿದು ಗಳಿಸಿದ ನಂಬಿಕೆ ಅದು. ಗೇಮ್ ಅಕೌಂಟ್ ಕೂಡ ಹೋಯಿತು, ಅದು ಬಿಡಿ.

ಹುಡುಗ ಬೈಗುಳಕ್ಕೆ ಹೆದರಿ ಮಧ್ಯಾಹ್ನದವರೆಗೂ ಬಾಯಿ ಬಿಡಲಿಲ್ಲ. ದೊಡ್ಡವರು ಮೊದಲು ಸಮಾಧಾನವಾಗಿ ಕೇಳಿ. ತಡವಾದಷ್ಟೂ ಕಳ್ಳರಿಗೆ ಅನುಕೂಲ.

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ತಕ್ಷಣ ಆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತುಹಾಕಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಾಯಿಸಿ, ಇ-ಮೇಲ್‌ನಿಂದ ಶುರು ಮಾಡಿ. ಅದೇ ಕಂಪ್ಯೂಟರಿನಲ್ಲಿ ಬದಲಾಯಿಸಿದರೆ ಹೊಸದೂ ಅವರಿಗೇ ಸಿಗುತ್ತದೆ. ಎಲ್ಲ ಡಿವೈಸ್‌ಗಳಿಂದ ಲಾಗ್‌ಔಟ್ ಕೊಡೋದು ಮರೆಯಬೇಡಿ. ಆಮೇಲೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸಿ, ಸುಮ್ನೆ ಸ್ಕ್ಯಾನ್ ಮಾಡಿ ಬಿಡಬೇಡಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ದುಡ್ಡು ಮುಂದಕ್ಕೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ.