ಪಿಟೀಲು ಎಲ್ಲಿ ನಿಂತಿದೆ? ಇಟಲಿಯ ಮೂರು ರಾಕ್ ಬ್ಯಾಂಡ್‌ಗಳು

ಒಂದು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಇಟಲಿಯ ಮೂರು ಬ್ಯಾಂಡ್‌ಗಳನ್ನೇ ಕೇಳುತ್ತಿದ್ದೇನೆ. ಮೂವರದ್ದೂ 1970ರ ದಶಕದ ಮೊದಲರ್ಧದ ಆಲ್ಬಮ್‌ಗಳು. ಮೂರರಲ್ಲೂ ರಾಕ್ ಜೊತೆಗೆ ಪಿಟೀಲು, ಕೊಳಲು ಇವೆ. ಬೆರೆಸುವ ಕೈ ಮಾತ್ರ ಬೇರೆ ಬೇರೆ.

ಜಿನೋವಾದ ನ್ಯೂ ಟ್ರಾಲ್ಸ್ 1971ರಲ್ಲಿ ‘ಕಾನ್ಚೆರ್ಟೊ ಗ್ರಾಸ್ಸೊ’ ತಂದರು. ಆರ್ಕೆಸ್ಟ್ರಾ ಭಾಗ ಸಂಗೀತ ಸಂಯೋಜಕ ಲೂಯಿಸ್ ಬಕಾಲೋವ್ ಅವರದು. ಬರೋಕ್ ಕಾಲದ (17–18ನೇ ಶತಮಾನದ ಯುರೋಪಿನ) ಕೃತಿಗಳ ಹಾಗೆ ಇಲ್ಲೂ ಅಲೆಗ್ರೊ (ವೇಗದ್ದು), ಅಡಾಜಿಯೊ (ನಿಧಾನದ್ದು) ಅಂತ ಭಾಗಗಳಿವೆ. ಅಡಾಜಿಯೊ ಕೇಳುವಾಗ ನನಗೆ ಕಣ್ಣು ತುಂಬಿ ಬರುತ್ತದೆ. ಕೊನೆಯಲ್ಲಿ ಅದೇ ಧಾಟಿ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ಗೆ ಅರ್ಪಣೆಯಾಗಿ ಗಿಟಾರಿನ ಜೊತೆ ಮರಳಿ ಬರುತ್ತದೆ. ಆದರೂ ಆರ್ಕೆಸ್ಟ್ರಾ ಇಲ್ಲಿ ಮನೆಗೆ ಬಂದ ನೆಂಟರ ಹಾಗೆ. ರೆಕಾರ್ಡಿನ ಎರಡನೇ ಬದಿಗೆ ತಿರುಗಿಸಿದರೆ ಅವರು ಹೊರಟೇ ಹೋಗಿರುತ್ತಾರೆ. ಅಲ್ಲಿರುವುದು 20 ನಿಮಿಷದಷ್ಟು ಉದ್ದದ, ಬ್ಯಾಂಡಿನವರದ್ದೇ ಮನೋಧರ್ಮ. ಅಷ್ಟು ಹೊತ್ತು ನನ್ನ ಗಮನ ನಿಲ್ಲಲಿಲ್ಲ.

ಮಿಲಾನಿನ ಪ್ರೆಮಿಯಾಟಾ ಫೋರ್ನೆರಿಯಾ ಮಾರ್ಕೋನಿ, ಅಂದರೆ ಪಿಎಫ್‌ಎಂ, ಹೊರಗಿನವರನ್ನು ಕರೆಯಲಿಲ್ಲ. ಕೊಳಲು, ಪಿಟೀಲು ಎರಡನ್ನೂ ಬ್ಯಾಂಡಿನ ಮೌರೋ ಪಗಾನಿಯೇ ನುಡಿಸುತ್ತಾರೆ. 1972 ಒಂದೇ ವರ್ಷದಲ್ಲಿ ಎರಡು ಆಲ್ಬಮ್. ‘ಇಂಪ್ರೆಸ್ಸಿಯೋನಿ ದಿ ಸೆಟ್ಟೆಂಬ್ರೆ’ ಹಾಡನ್ನು ಒಮ್ಮೆ ಕೇಳಿ. ಹಾಡು ಮೆತ್ತಗೆ ಸಾಗುತ್ತದೆ, ಪಲ್ಲವಿ ಬರಬೇಕಾದ ಜಾಗಕ್ಕೆ ಬಂದಾಗ ಮಾತೇ ಇಲ್ಲ! ಬರೀ ಮೂಗ್ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್. ಅದೊಂದೇ ಸಾಕು, ಇಡೀ ಕೋಣೆ ತುಂಬಿಕೊಳ್ಳುತ್ತದೆ. 1973ರಲ್ಲಿ ಇಂಗ್ಲೆಂಡಿನ ಗೀತರಚನೆಕಾರ ಪೀಟರ್ ಸಿನ್‌ಫೀಲ್ಡ್ ಅವರ ಇಂಗ್ಲಿಷ್ ಸಾಹಿತ್ಯದೊಂದಿಗೆ ಬಂದ ಆಲ್ಬಮನ್ನೂ ಹಾಕಿ ನೋಡಿದೆ. ನನಗೆ ಇಟಾಲಿಯನ್ನೇ ಇಷ್ಟ. ಅರ್ಥ ಆಗದಿದ್ದರೂ ಆ ಭಾಷೆಯ ಸ್ವರಾಕ್ಷರಗಳು ಧಾಟಿಯ ಮೇಲೆ ಹಾಯಾಗಿ ಕೂರುತ್ತವೆ. ಹೊಸಬರು ಯಾರೇ ಕೇಳಿದರೂ ನಾನು ಮೊದಲು ಕೊಡುವುದು ಪಿಎಫ್‌ಎಂ.

ಆದರೆ ನನ್ನ ಮನಸ್ಸು ಇರುವುದು ರೋಮಿನ ಕ್ವೆಲ್ಲಾ ವೆಕ್ಯಾ ಲೊಕಾಂಡಾದ ಮೇಲೆ. 1972ರಲ್ಲಿ ಒಂದು, 1974ರಲ್ಲಿ ಒಂದು, ಆ ಕಾಲದಲ್ಲಿ ಅವರು ಮಾಡಿದ್ದು ಎರಡೇ ಆಲ್ಬಮ್. ಮೊದಲನೆಯದು ಸ್ವಲ್ಪ ಒರಟು, ಗಿಟಾರಿನ ಅಬ್ಬರ ಜಾಸ್ತಿ. ಎರಡನೆಯದರ ಮೊದಲ ಹಾಡಿಗೆ ರೋಮಿನ ಒಂದು ಉದ್ಯಾನದ ಹೆಸರು: ‘ವಿಲ್ಲಾ ದೋರಿಯಾ ಪಾಂಫೀಲಿ’. ಪಿಯಾನೊ, ಅದರ ಜೊತೆ ಪಿಟೀಲು. ಥೇಟ್ ಶಾಸ್ತ್ರೀಯ ಕಛೇರಿಯೇ ಅನ್ನಿಸುತ್ತದೆ. ಆಮೇಲೆ ಡ್ರಮ್ಸ್ ಬರುತ್ತದೆ. ಇಲ್ಲೇ ಸೂಕ್ಷ್ಮ ಇರುವುದು. ಡ್ರಮ್ಸ್ ಬಂತು ಅಂತ ಪಿಟೀಲು ಬದಿಗೆ ಸರಿಯುವುದಿಲ್ಲ, ರಾಕ್ ಅದರ ಸುತ್ತಲೇ ಬೆಳೆಯುತ್ತದೆ. ನಮ್ಮ ಕಛೇರಿಗಳಲ್ಲಿ ಪಿಟೀಲು ಹಾಡುಗಾರರ ಹಿಂದೆ ಹಿಂದೆ ಹೋಗುವುದನ್ನು ಕೇಳಿ ಬೆಳೆದವರು ನಾವು, ಅಲ್ವಾ? ಇಲ್ಲಿ ಅದೇ ಪಿಟೀಲು ಎಷ್ಟೋ ಸಲ ಮುಂದೆ ನಡೆಯುತ್ತದೆ, ದನಿ ಹಿಂದೆ ಬರುತ್ತದೆ. ನಿನ್ನೆ ರಾತ್ರಿ ಆ ಜಾಗವನ್ನು ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ.