ಎರಡು ಪಾಸ್‌ಪೋರ್ಟ್, ಒಂದೇ ಡ್ರಾಪ್‌ಡೌನ್: ಅಡ್ಮಿಷನ್ ಚಾನ್ಸ್ ಹೇಳುವ ಸೇವೆಗೆ ದುಡ್ಡು ಕೊಟ್ಟು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಗೆ ಕೊಟ್ಟ 900 ದಿರ್ಹಮ್‌ನಲ್ಲಿ ಅರ್ಧ ನೀರಲ್ಲಿ ಮಾಡಿದ ಹೋಮ, ಇನ್ನರ್ಧ ಮಾತ್ರ ಸಾರ್ಥಕ. ನಮ್ಮ ಹಾಗೆ ಮಕ್ಕಳಿಗೆ ಎರಡು ಪೌರತ್ವ ಇದ್ದು ಮೂರನೇ ದೇಶದಲ್ಲಿ ಕೂತಿರುವವರು ದುಡ್ಡು ಕಟ್ಟುವ ಮುಂಚೆ ಇದನ್ನು ಓದಿಕೊಳ್ಳಿ.

ಮಗಳು ಹುಟ್ಟಿದ್ದು ಅಮೆರಿಕದಲ್ಲಿ, ನಾವು ಎಚ್‌-1ಬಿ ಕೆಲಸದ ವೀಸಾ ಮೇಲಿದ್ದಾಗ. ಹಾಗಾಗಿ ಹುಟ್ಟಿನಿಂದಲೇ ಅಲ್ಲಿನ ಪ್ರಜೆ. ಆಮೇಲೆ ಬ್ರಿಟನ್‌ಗೆ ಹೋದೆವು, ವರ್ಷಗಳು ಕಳೆದು ನಮಗೆ ಅಲ್ಲಿನ ಪೌರತ್ವ ಸಿಕ್ಕಿತು, ಅವಳಿಗೂ ಆಯಿತು. ಈಗ ಏಳು ವರ್ಷದಿಂದ ದುಬೈ. ಎ ಲೆವೆಲ್, ಅಂದರೆ ಬ್ರಿಟಿಷ್ ಪದ್ಧತಿಯ ಪಿಯುಸಿ ಓದುತ್ತಿದ್ದಾಳೆ. ಕೈಯಲ್ಲಿ ಎರಡು ಪಾಸ್‌ಪೋರ್ಟ್, ಆದರೆ ಆ ಎರಡೂ ದೇಶದಲ್ಲಿ ನಮಗೊಂದು ವಿಳಾಸ ಇಲ್ಲ.

ಸೇವೆಯಲ್ಲಿ ಎರಡು ಭಾಗ. ಮೊದಲನೆಯದು ಫಾರಂ. ಮಾರ್ಕ್ಸ್, ಎಸ್‌ಎಟಿ (ಅಮೆರಿಕದ ಕಾಲೇಜುಗಳ ಪ್ರವೇಶ ಪರೀಕ್ಷೆ), ಹಾಡು ಆಟ ಸಮಾಜಸೇವೆ ಎಲ್ಲ ತುಂಬಿ ಕಾಲೇಜುಗಳ ಪಟ್ಟಿ ಕೊಟ್ಟರೆ ಪ್ರತಿ ಕಾಲೇಜಿನ ಮುಂದೆ ಸೀಟು ಸಿಗುವ ಚಾನ್ಸ್ ಇಷ್ಟು ಅಂತ ಒಂದು ಶೇಕಡಾ ಬರುತ್ತದೆ, ದಶಮಾಂಶದ ಸಮೇತ, ಬಂಗಾರದ ರೇಟ್ ಹೇಳಿದ ಹಾಗೆ. ಎರಡನೆಯದು ಕೌನ್ಸೆಲರ್ ಜೊತೆ ಒಂದು ಗಂಟೆ ವಿಡಿಯೊ ಕಾಲ್.

ಫಾರಂನಲ್ಲಿ ಪೌರತ್ವದ ಜಾಗದಲ್ಲಿ ಒಂದೇ ದೇಶ ಆರಿಸಲು ಬರುತ್ತದೆ. ಅಲ್ಲೇ ನನಗೆ ಅನುಮಾನ ಬಂತು. ಅಮೆರಿಕ ಅಂತ ಹಾಕಿ ವಿಳಾಸ ದುಬೈ ಕೊಟ್ಟೆ, ಒಂದು ಲೆಕ್ಕ ಬಂತು. ಸುಮ್ನೆ ನೋಡೋಣ ಅಂತ ಬ್ರಿಟನ್ ಹಾಕಿದೆ, ಬಹುತೇಕ ಕಾಲೇಜುಗಳಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಿತು. ಮತ್ತೆ ಅಮೆರಿಕ ಹಾಕಿ ವಿಳಾಸಕ್ಕೆ ಕ್ಯಾಲಿಫೋರ್ನಿಯಾದ ಗೆಳೆಯನ ಮನೆ ಕೊಟ್ಟರೆ ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸರ್ರನೆ ಏರಿತು. ಅದೇ ಹುಡುಗಿ, ಅದೇ ಮಾರ್ಕ್ಸ್. ಹದಿನೈದು ನಿಮಿಷದಲ್ಲಿ ಮೂರು ಜಾತಕ!

ಇದರಲ್ಲಿ ಯಾವುದು ಸರಿ ಅಂತ ಹುಡುಕುತ್ತಾ ಹೋದಾಗಲೇ ವಿಷಯ ಅರ್ಥವಾಗಿದ್ದು. ಅಮೆರಿಕದ ಕಾಲೇಜುಗಳು ಪಾಸ್‌ಪೋರ್ಟನ್ನು ಒಂದು ಕೆಲಸಕ್ಕೆ ನೋಡುತ್ತವೆ, ಶಾಲೆಯನ್ನು ಇನ್ನೊಂದಕ್ಕೆ, ವಿಳಾಸವನ್ನು ಮತ್ತೊಂದಕ್ಕೆ. ಎಂಐಟಿಯನ್ನೇ ತಗೊಳ್ಳಿ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇದ್ದವರು ಜಗತ್ತಿನ ಯಾವ ಮೂಲೆಯಲ್ಲಿ ಓದುತ್ತಿದ್ದರೂ ಅವರು ಅಲ್ಲಿ ಇಂಟರ್‌ನ್ಯಾಷನಲ್ ಅಲ್ಲ. ವಿದೇಶಿ ಪ್ರಜೆಗಳಿಗೆ ಅಲ್ಲಿ ಮಿತಿ ಇದೆ, ಮೊದಲ ವರ್ಷದ ತರಗತಿಯಲ್ಲಿ ನೂರಕ್ಕೆ ಹತ್ತರ ಆಸುಪಾಸು ಅಷ್ಟೇ. ಎರಡನೇ ಪಾಸ್‌ಪೋರ್ಟ್ ಇದೆ ಅಂತ ನಮ್ಮ ಮಗಳು ಆ ಸಾಲಿಗೆ ಹೋಗುವುದಿಲ್ಲ. ಆದರೆ ಅವಳ ಅರ್ಜಿ ಓದುವವರು ಬಹಳ ಕಡೆ ನಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಅಡ್ಮಿಷನ್ ಅಧಿಕಾರಿಗಳೇ. ದುಬೈನ ಎ ಲೆವೆಲ್ ಶಾಲೆಯಲ್ಲಿ ಏನೇನು ವಿಷಯ ಸಿಗುತ್ತದೆ, ಅದರಲ್ಲಿ ಇವಳು ಏನು ತಗೊಂಡಳು, ಪಕ್ಕದಲ್ಲಿ ಕೂತವರು ಹೇಗಿದ್ದಾರೆ ಅಂತ ನೋಡುತ್ತಾರೆ. ಇದು ಆ ಶೇಕಡಾದಲ್ಲಿ ಎಲ್ಲಿ ಬರುತ್ತೆ ಹೇಳಿ? ಬರುವುದೇ ಇಲ್ಲ.

ಇನ್ನು ಕಾಲ್ ವಿಷಯ. ಕೌನ್ಸೆಲರ್ ಕೇಳಿದ ಮೊದಲ ಪ್ರಶ್ನೆಯೇ, ಫೀಸು ಯಾರು ಕಟ್ಟುತ್ತಾರೆ, ವರ್ಷಕ್ಕೆ ಎಷ್ಟು ಆಗುತ್ತೆ ಅಂತ. ನನಗೆ ಸ್ವಲ್ಪ ಕಸಿವಿಸಿ ಆಯಿತು, ಸುಳ್ಳು ಯಾಕೆ. ಆಮೇಲೆ ಕಾರಣ ತಿಳಿಯಿತು. ಸ್ಟ್ಯಾನ್‌ಫರ್ಡ್ ವಿದೇಶಿ ಪ್ರಜೆಗಳ ವಿಷಯದಲ್ಲಿ ಸಹಾಯಧನ ಕೇಳಿದ್ದಾರಾ ಅಂತ ಅಡ್ಮಿಷನ್ ವೇಳೆ ಗಮನಿಸುತ್ತದೆ, ಅಮೆರಿಕದ ಪ್ರಜೆಗಳ ವಿಷಯದಲ್ಲಿ ಗಮನಿಸುವುದಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಇವು ಯಾರದ್ದನ್ನೂ ಗಮನಿಸುವುದಿಲ್ಲ. ಅಂದರೆ ಸಹಾಯಧನ ಬೇಕಾದ ಮನೆಗೆ ಆ ಅಮೆರಿಕದ ಪಾಸ್‌ಪೋರ್ಟಿನ ಬೆಲೆ ಸ್ಟ್ಯಾನ್‌ಫರ್ಡ್‌ನಂಥ ಕಡೆ ಜಾಸ್ತಿ, ಪ್ರಿನ್ಸ್‌ಟನ್‌ನಲ್ಲಿ ಆ ಲೆಕ್ಕದ ಮಟ್ಟಿಗೆ ಏನೂ ವ್ಯತ್ಯಾಸ ಇಲ್ಲ. ಮಗಳು ಪ್ರಜೆಯಾದ್ದರಿಂದ ಫಾಫ್ಸಾ, ಅಂದರೆ ಅಮೆರಿಕ ಸರ್ಕಾರದ ಸಹಾಯಧನದ ಅರ್ಜಿ ತುಂಬಬಹುದು, ದುಬೈನ ಸಂಬಳವನ್ನು ಡಾಲರ್‌ಗೆ ಬದಲಿಸಿ ತೋರಿಸಬೇಕು. ಮೊದಲ ವರ್ಷಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಸಾಲ 5,500 ಡಾಲರ್‌ವರೆಗೆ ಸಿಗುತ್ತದೆ. ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್ 2025-26ಕ್ಕೆ ಗರಿಷ್ಠ 7,395 ಡಾಲರ್, ಅದು ಕಡಿಮೆ ಆದಾಯದವರಿಗೆ, ನಮಗೆ ಬರಲ್ಲ.

ಕ್ಯಾಲಿಫೋರ್ನಿಯಾ ವಿಷಯದಲ್ಲೂ ಆಕೆ ನೇರ ಮಾತಾಡಿದರು. ಅಮೆರಿಕದಲ್ಲಿ ಹುಟ್ಟಿದ್ದಾಳೆ, ಪಾಸ್‌ಪೋರ್ಟ್ ಇದೆ ಅಂದರೆ ಆ ರಾಜ್ಯದವಳು ಅಂತ ಆಗುವುದಿಲ್ಲ. ಯುಸಿಗಳ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳ ನಿಯಮದಲ್ಲಿ ಅಲ್ಲೇ ನೆಲೆಸುವ ಉದ್ದೇಶದಿಂದ 366 ದಿನ ಇರಬೇಕು, ಚಿಕ್ಕ ಮಕ್ಕಳಾದರೆ ಅಪ್ಪ ಅಮ್ಮ ಎಲ್ಲಿದ್ದಾರೆ ಅಂತಲೂ ನೋಡುತ್ತಾರೆ. ಇಲ್ಲದಿದ್ದರೆ ಫೀಸಿನ ಮೇಲೆ ಇನ್ನೊಂದು ಫೀಸು, ಅದೂ ವರ್ಷಕ್ಕೆ ಮೂವತ್ತು ಸಾವಿರ ಡಾಲರ್ ದಾಟುತ್ತದೆ. ಗೆಳೆಯನ ವಿಳಾಸ ಕೊಡುವ ಐಡಿಯಾ ಬಿಟ್ಟುಬಿಡಿ ಅಂದರು. ನಾನೇನೂ ನಿಜವಾಗಿ ಕೊಡುವವನಿರಲಿಲ್ಲ, ಆದರೂ ಮುಖ ಸಣ್ಣದಾಯಿತು.

ಪಟ್ಟಿಯಲ್ಲಿದ್ದ ಪ್ರತಿ ಕಾಲೇಜಿನ ಕಾಮನ್ ಡೇಟಾ ಸೆಟ್ ತೆಗೆದು ತೋರಿಸಿದ್ದು ನನಗೆ ಅತಿ ಹಿಡಿಸಿದ ಭಾಗ. ಎಷ್ಟು ಅರ್ಜಿ ಬಂತು, ಎಷ್ಟು ತಗೊಂಡರು, ಪ್ರಬಂಧಕ್ಕೆ ಎಷ್ಟು ತೂಕ, ಮಾರ್ಕ್ಸ್‌ಗೆ ಎಷ್ಟು ತೂಕ, ಎಲ್ಲ ಕಾಲೇಜೇ ಬರೆದಿರುತ್ತದೆ, ಅದೂ ಪುಕ್ಕಟೆ. ಅದನ್ನು ಓದಲು ಬಂದರೆ ಈ ಶೇಕಡಾ ಯಾಕೆ ಬೇಕು ಅಂತ ನಾನು ಕೇಳಿದ್ದಕ್ಕೆ ಪಾಪ ಆಕೆ ನಕ್ಕರು, ಉತ್ತರ ಕೊಡಲಿಲ್ಲ.

ಬ್ರಿಟನ್ ವಿಷಯಕ್ಕೆ ಬಂದಾಗ ಮಾತ್ರ ಎಡವಿದರು. ಬ್ರಿಟಿಷ್ ಪಾಸ್‌ಪೋರ್ಟ್ ಇದೆ ಅಲ್ವಾ, ಹೋಮ್ ಫೀಸೇ, ಅಂದರೆ ಅಲ್ಲಿನವರಿಗೆ ಇರುವ ಕಡಿಮೆ ಫೀಸೇ ಅಂದುಬಿಟ್ಟರು. ತಪ್ಪು. ಸಾಮಾನ್ಯವಾಗಿ ಕೋರ್ಸ್ ಶುರುವಾಗುವ ಮುಂಚಿನ ಮೂರು ವರ್ಷ ಅಲ್ಲಿ ವಾಸ ಇರಬೇಕು. ಕೆಲಸದ ಮೇಲೆ ತಾತ್ಕಾಲಿಕವಾಗಿ ಹೊರಗಿದ್ದೇವೆ ಅಂತ ದಾಖಲೆ ತೋರಿಸಿದರೆ ಯೂನಿವರ್ಸಿಟಿ ಒಪ್ಪಬಹುದು, ಏಳು ವರ್ಷ ಆದ ನಮ್ಮ ವಿಷಯದಲ್ಲಿ ಅದು ಕಷ್ಟ. ಇಂಗ್ಲೆಂಡಿನಲ್ಲಿ 2025-26ಕ್ಕೆ ಹೋಮ್ ಫೀಸು ಹೆಚ್ಚೆಂದರೆ 9,535 ಪೌಂಡ್, ಹೊರಗಿನವರಿಗೆ ಎಷ್ಟೋ ಕೋರ್ಸ್‌ಗಳಲ್ಲಿ ಅದರ ಮೂರು ಪಟ್ಟು. ಇಂಥ ತಪ್ಪನ್ನು ನಂಬಿ ಮನೆಯ ಬಜೆಟ್ ಹಾಕಿದ್ದರೆ ನಮ್ಮ ಗತಿ? ಮೆಡಿಕಲ್ ಆಸೆ ಇರುವವರು ಇನ್ನೂ ಹುಷಾರಾಗಿರಿ, ಹೊರಗಿನ ಫೀಸು ಕಟ್ಟುವವರಿಗೆ ಅಲ್ಲಿ ಸೀಟು ತೀರಾ ಕಡಿಮೆ. ಅಂದಹಾಗೆ ಆಕ್ಸ್‌ಫರ್ಡ್, ಕೇಂಬ್ರಿಜ್, ಮೆಡಿಕಲ್‌ಗೆ ಅರ್ಜಿ ಹಾಕಲು ಕೊನೆಯ ದಿನ ಅಕ್ಟೋಬರ್ 15, ಫಾರಂ ಆ ದಿನಾಂಕವನ್ನು ಎಲ್ಲೂ ನೆನಪಿಸಲಿಲ್ಲ.

ನಮ್ಮವರಿಗೆ ಒಂದು ಮಾತು. ಇಲ್ಲಿ ಬಹಳ ಜನ ಓಸಿಐ ಕಾರ್ಡನ್ನೇ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಡ್ಯುಯಲ್ ಸಿಟಿಜನ್‌ಶಿಪ್ ಅಂದುಕೊಂಡಿದ್ದಾರೆ. ಭಾರತ ಎರಡು ಪೌರತ್ವ ಒಪ್ಪುವುದೇ ಇಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ನೀಟ್, ಜೆಇಇಯಂಥ ಪರೀಕ್ಷೆಗಳಲ್ಲಿ ಓಸಿಐ ಮಕ್ಕಳಿಗೆ ಎನ್‌ಆರ್‌ಐ ಸೀಟುಗಳು ಅಥವಾ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟುಗಳು ಮಾತ್ರ. ಆ ದಿನಕ್ಕಿಂತ ಮುಂಚೆ ಕಾರ್ಡ್ ಪಡೆದವರಿಗೆ ಇದು ಅನ್ವಯಿಸಬಾರದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ, ಹಾಗಾಗಿ ಕಾರ್ಡಿನ ಮೇಲಿನ ತಾರೀಖು ನೋಡಿಕೊಳ್ಳಿ. ಈ ಫಾರಂನಲ್ಲಿ ಓಸಿಐ ಅನ್ನುವ ಪದವೇ ಇಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ಎರಡೂವರೆ ಸ್ಟಾರ್, ಅದು ಪೂರ್ತಿ ಆ ಒಂದು ಗಂಟೆಗೆ. ಬರೀ ಕಾಲ್ ಮಾತ್ರ ಕೊಡಿ, ಅರ್ಧ ದುಡ್ಡು ಕೊಡುತ್ತೇನೆ ಅಂತ ಕೇಳಿ ನೋಡಿದೆ, ಕೊಡಲ್ಲವಂತೆ, ಪ್ಯಾಕೇಜ್ ಅಂತೆ. ನಾವು ಹನ್ನೆರಡು ಕಾಲೇಜುಗಳ ಪಟ್ಟಿಯಿಂದ ಯುಸಿ ಮೂರನ್ನೂ ತೆಗೆದೆವು. ದೂರು ಬರೆಯೋಣ ಅಂತ ಫೀಡ್‌ಬ್ಯಾಕ್ ಪುಟ ತೆಗೆದರೆ ಅಲ್ಲೂ ಪೌರತ್ವ ಕೇಳುತ್ತದೆ, ಅಲ್ಲೂ ಒಂದೇ ದೇಶ ಆರಿಸಬೇಕು.